ಆಟ ಗೊತ್ತಿಲ್ಲದ ಚದುರಂಗದ ಪ್ರೋಗ್ರಾಮು

ಹೋದ ವಾರ ಬ್ಯಾಂಕಿನ ಕ್ಯಾಷಿಯರ್ ಒಬ್ರು ಕೌಂಟರ್ ಕಿಂಡಿಯೊಳಗಿಂದ್ಲೇ ಕೇಳಿದ್ರು, "ಮುನಿರಾಜು ಅವ್ರೆ, ಮನೆಗೆ ಕಂಪ್ಯೂಟರ್ ತಂದಿದೀನಿ. ಚೆಸ್ ಆಟಗಳ್ನ ನೋಡ್ಕೊಂಡು ಕಲಿಯಕ್ಕೆ ಯಾವ ಪ್ರೋಗ್ರಾಮ್ ಒಳ್ಳೇದು? ನಿಮ್ಗೆ ಗೊತ್ತಂತೆ." ನನ್ನ ಹಿಂದೆ ಆರು ಜನ ನಿಂತಿದ್ರು. ಹೆಚ್ಚು ಹೇಳಕ್ಕೆ ಪುರುಸೊತ್ತಿರ್ಲಿಲ್ಲ. "ಇರೋದ್ರಲ್ಲಿ ಎಲ್ಲಕ್ಕಿಂತ ದಡ್ಡದ್ದು ಯಾವ್ದೋ ಅದನ್ನ ಹಾಕ್ಕೊಳ್ಳಿ ಸಾರ್" ಅಂದೆ. ಅವ್ರು ತಮಾಷೆ ಅಂದ್ಕೊಂಡು ನಕ್ಕು, ಸೀಲ್ ಹೊಡ್ದು ಕಳ್ಸಿಬಿಟ್ರು.

ನಾನು ತಮಾಷೆ ಮಾಡಿರ್ಲಿಲ್ಲ. ನಂಗೆ ಖಡಾಖಂಡಿತವಾಗಿ ಗೊತ್ತಿರೋ ವಿಷ್ಯ ಬಾಳ ಕಮ್ಮಿ. ರೇಷ್ಮೆ ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗಿನ ಹುಳ ಗಟ್ಟಿಯಾಗಿದ್ಯಾ ಕರಗಿದ್ಯಾ ಅಂತ ಹೇಳ್ತೀನಿ. ಬಸ್ಸಿನ ಹಾರನ್ ಕೇಳಿ ಅದು ಚಿಂತಾಮಣಿ ಕಡೇದಾ ಚಿಕ್ಕಬಳ್ಳಾಪುರದ ಕಡೇದಾ ಹೇಳ್ತೀನಿ. ಮೂರನೇದು ಈ ಚದುರಂಗದ ಪ್ರೋಗ್ರಾಮು. ಈ ಮೂರು ಬಿಟ್ಟು ಇನ್ನೇನು ಕೇಳಿದ್ರೂ "ನೋಡ್ಬೇಕು" ಅಂತೀನಿ.

ಇದನ್ನ ನಾನೇ ಟೈಪ್ ಮಾಡ್ತಿದೀನಿ. ಒಂದೇ ಬೆರಳು. ಒತ್ತಕ್ಷರ ಹುಡುಕೋ ಹೊತ್ತಿಗೆ ಮುಂದಿನ ಮಾತು ಮರೆತೋಗಿರುತ್ತೆ, ಬೇರೆ ಯಾವ್ದೋ ಮಾತು ಬಂದು ಕೂತಿರುತ್ತೆ. ಕತೆ ಅಲ್ಲಿ ಇಲ್ಲಿ ಸುತ್ತಿದ್ರೆ ಸ್ವಲ್ಪ ತಾಳ್ಕೊಳ್ಳಿ.

ನಾನು ಮೇಲೂರಿನೋನು. ಓದಬೇಕಾದ ವಯಸ್ಸಲ್ಲಿ ಓದ್ಲಿಲ್ಲ, ಶಿಡ್ಲಘಟ್ಟದಲ್ಲಿ ಖಾಸಿಂ ಸಾಬ್ರ ನೂಲು ಬಿಚ್ಚೋ ಶೆಡ್ಡಿಗೆ ಸೇರ್ಕೊಂಡೆ. ಕುದಿಯೋ ನೀರಲ್ಲಿ ಗೂಡು ಬೇಯ್ಸಿ ಎಳೆ ತೆಗೆಯೋ ಕೆಲಸ. ಆ ವಾಸನೆ ಬಗ್ಗೆ ಏನೂ ಬರೆಯಲ್ಲ, ಅಲ್ಲಿ ಬೆಳೆದೋರಿಗೆ ಅದು ವಾಸನೆನೇ ಅಲ್ಲ. ಹೊರಗಿನೋರು ಮೂಗು ಮುಚ್ಕೊಂಡಾಗ್ಲೇ ನಮ್ಗೆ ಗೊತ್ತಾಗೋದು. ಚದುರಂಗ ಮಾತ್ರ ಅದಕ್ಕೂ ಮುಂಚೆಯಿಂದ ಗೊತ್ತು. ಚಿಟ್ಟೆ ತೂತು ಮಾಡ್ಕೊಂಡು ಹೋದ ಗೂಡು ಯಾರಿಗೂ ಬೇಡ, ನಮ್ಗೆ ಅವೇ ಕಾಲಾಳು. ಅರ್ಧಕ್ಕೆ ಇಂಕು ಬಳೀತಿದ್ವಿ, ಇನ್ನರ್ಧ ಹಾಗೇ ಬಿಡ್ತಿದ್ವಿ. ಮನೆ ಗೆರೆ ಇದ್ದಿಲಲ್ಲಿ. ಜೋರಾಗಿ ಗಾಳಿ ಬಂತು ಅಂದ್ರೆ ಎರಡು ಕಡೆ ಸೈನ್ಯನೂ ಓಡೋಗ್ತಿತ್ತು, ಇಬ್ರೂ ಗೆದ್ದೋರು.

ಸಾಬ್ರ ಶೆಡ್ಡಲ್ಲಿ ಮಾತ್ರ ಆಟ ಅಂದ್ರೆ ಆಟ. ಅವ್ರ ಹತ್ರ ಬಟ್ಟೆ ಪಟ ಇತ್ತು, ಮರದ ಕಾಯಿಗಳಿದ್ವು. ಮಧ್ಯಾಹ್ನ ಬಾಯ್ಲರ್ ಆರಿಸಿದ್ಮೇಲೆ ಬಾವಿಗೂ ಒಲೆಗೂ ಮಧ್ಯದ ಕಟ್ಟೆ ಮೇಲೆ ಪಟ ಹಾಸೋರು. ಎದುರಿಗೆ ನಂಜುಂಡಪ್ಪ ಮೇಷ್ಟ್ರು. ಚಿಂತಾಮಣಿ ಹತ್ರದ ಕೆಂಚಾರ್ಲಹಳ್ಳಿಯೋರು, ಆಗ ನಮ್ಮೂರ ಸ್ಕೂಲಲ್ಲಿ ಕೆಲಸ. ಸ್ಕೂಲ್ ಬಿಟ್ಟ ತಕ್ಷಣ ಸೈಕಲ್ ಹತ್ತಿ ಸೀದಾ ಶೆಡ್ಡಿಗೆ ಬರೋರು.

ನಂಗೆ ಅಕ್ಷರ ಕಲ್ಸಿದ್ದು ಈ ಮೇಷ್ಟ್ರೇ. ಆಗ ನಂಗೆ ಇಪ್ಪತ್ನಾಲ್ಕು. ಒಂದಿನ ಸಾಬ್ರ ಜೊತೆ ಆಡ್ತಾ ಆಡ್ತಾ, ತಲೆ ಎತ್ತದೆ, "ಲೋ ಮುನಿರಾಜ, ಓದಕ್ಕೆ ಬರಲ್ವಂತಲ್ಲ, ನಾಚ್ಕೆ ಆಗಲ್ವೇನೋ?" ಅಂದ್ರು.

"ಆಗುತ್ತೆ ಸಾರ್" ಅಂದೆ.

"ಹಂಗಾದ್ರೆ ಬಾ, ಕೂತ್ಕೊ." ಅಷ್ಟೇ ನನ್ನ ಸ್ಕೂಲಿನ ಅಡ್ಮಿಷನ್ನು.

ಅಕ್ಷರ ಒಂದಷ್ಟು ಕೂಡಿದ್ಮೇಲೆ ದಿನಾ ಏನಾದ್ರೂ ಬರೀಬೇಕು ಅಂದ್ರು. ಏನು ಬರೀಲಿ ಅಂದೆ. "ಕಣ್ಣೆದುರಿಗೆ ಏನಾಗ್ತಿದ್ಯೋ ಅದನ್ನ ಬರಿ. ನಮ್ಮ ಆಟ ಬರಿ." ಹಂಗೆ ನಾನು ಅವ್ರಿಬ್ರ ಆಟ ಬರೆಯೋ ಗುಮಾಸ್ತ ಆದೆ. ಅಂಕಿ ಅಕ್ಷರ ಹಾಕಿ ಮನೆಗೆ ಹೆಸರಿಡೋ ಪದ್ಧತಿ ಯಾರಿಗೆ ಗೊತ್ತಿತ್ತು? ನಾನು "ಸಾಬ್ರ ಆನೆ ಬಾವಿ ಕಡೆ ಮೂರು ಮನೆ", "ಮೇಷ್ಟ್ರ ಒಂಟೆ ಒಲೆ ಕಡೆ ಓರೆ" ಅಂತ ಬರೀತಿದ್ದೆ. ಕೈ ಯಾವಾಗ್ಲೂ ಒದ್ದೆ, ಪುಸ್ತಕದ ತುಂಬ ಇಂಕಿನ ಕೆರೆ. ಆದ್ರೂ ಒಂದು ನಡೆ ಬಿಟ್ಟಿಲ್ಲ. ಆಮೇಲೆ ಇಪ್ಪತ್ತೊಂಬತ್ತನೇ ವಯಸ್ಸಲ್ಲಿ ಮೀಸೆ ಇಟ್ಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ, ಪ್ರಶ್ನೆಪತ್ರಿಕೆ ಕೊಡಕ್ಕೆ ಬಂದೋರು ನನ್ನನ್ನ ಇನ್ನೊಬ್ಬ ಸೂಪರ್‌ವೈಸರ್ ಅಂದ್ಕೊಂಡು "ಟೀ ಆಯ್ತಾ ಸಾರ್?" ಅಂತ ಕೇಳಿದ್ರು. ಆ ಪರೀಕ್ಷೆ ಹೊತ್ತಿಗೆ ಮೇಷ್ಟ್ರು ನಮ್ಮೂರಲ್ಲಿರ್ಲಿಲ್ಲ. ಇರದೆ ಹೋಗಿದ್ದಕ್ಕೆ ಕಾರಣ ಒಂದು ಆಟ.

ನಮ್ಮ ಕಡೆ ಆಟದಲ್ಲಿ ರಾಜಂಗೆ ಒಂದು ಸೌಲಭ್ಯ ಇದೆ. ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ಥರ ಹಾರಬಹುದು. ಆದ್ರೆ ಅದಕ್ಕೆ ಮುಂಚೆ ಅವ್ನಿಗೆ ಶಾ ಬಿದ್ದಿರಬಾರದು, ಅಂದ್ರೆ ಎದುರು ಕಾಯಿ ಗುರಿಗೆ ಒಂದ್ಸಲನೂ ಸಿಕ್ಕಿರಬಾರದು. ಒಂದ್ಸಲ ಶಾ ಬಿತ್ತೋ, ಹಾರೋ ಹಕ್ಕು ಹೋಯ್ತು. ಆವತ್ತು ಸಾಬ್ರ ರಾಜ ಮೂಲೇಲಿ ಸಿಕ್ಕಾಕೊಂಡಿದ್ದ. ಇನ್ನೊಂದು ನಡೆಗೆ ಆಟ ಮುಗೀಬೇಕು, ಅಷ್ಟರಲ್ಲಿ ಸಾಬ್ರು ರಾಜನ್ನ ಕುದುರೆ ಥರ ಹಾರಿಸಿ ಹೊರಗೆ ತಂದ್ರು. ಬರೀ ತಪ್ಪಿಸ್ಕೊಂಡಿದ್ದಲ್ಲ, ಆಟನೇ ತಿರುಗಿಬಿಡ್ತು.

"ಹಾರಂಗಿಲ್ಲ" ಅಂದ್ರು ಮೇಷ್ಟ್ರು. "ನಿನ್ ರಾಜಂಗೆ ಆಗ್ಲೇ ಶಾ ಬಿದ್ದಿದೆ."

"ಯಾವಾಗ? ಯಾರು ಹೇಳಿದ್ರು ಶಾ ಅಂತ?"

"ನಾನ್ ಹೇಳ್ದೆ."

"ಅರೆ, ಸುಳ್ಳು ಹೇಳ್ಬೇಡಿ ಮೇಷ್ಟ್ರೆ! ಮುನಿರಾಜ, ಹೇಳೋ, ಇವ್ರು ಶಾ ಅಂದ್ರಾ?"

ಇಬ್ರೂ ನನ್ನ ಕಡೆ ತಿರುಗಿದ್ರು. ನಾನು ಪುಸ್ತಕ ತಿರುವಿ ನೋಡ್ದೆ. ಶಾ ಅಂತ ಎಲ್ಲೂ ಇಲ್ಲ. ಇರಕ್ಕೂ ಸಾಧ್ಯ ಇಲ್ಲ, ಯಾಕಂದ್ರೆ ನಾನು ಶಾ ಅನ್ನೋದನ್ನ ಯಾವತ್ತೂ ಬರೆದೋನೇ ಅಲ್ಲ. ಶಾ ಅನ್ನೋದು ಬಾಯಲ್ಲಿ ಹೇಳೋ ಮಾತು, ಕಾಯಿ ನಡೆಯಲ್ಲ, ಅದನ್ಯಾಕೆ ಬರೀಬೇಕು ಅಂತ ನನ್ನ ಲೆಕ್ಕಾಚಾರ. "ನಾನು ಅಕ್ಷರ ನೋಡ್ತಿದ್ದೆ, ಕೇಳಿಸ್ಲಿಲ್ಲ" ಅಂದೆ. ಅದು ನಿಜ. ನಂಗೆ ಆಗ ಒಂದು ಸಾಲು ಬರೆಯೋವಾಗ ಪಕ್ಕದಲ್ಲಿ ಡೋಲು ಬಡಿದ್ರೂ ಕೇಳಿಸ್ತಿರ್ಲಿಲ್ಲ.

ಸಾಬ್ರು "ಸುಳ್ಳುಗಾರ" ಅಂದ್ರು. ಕನ್ನಡದಲ್ಲಿ ಒಂದ್ಸಲ, ಉರ್ದುನಲ್ಲಿ ಒಂದ್ಸಲ. ಮೇಷ್ಟ್ರು ಎದ್ದು ಪಂಚೆ ಕೊಡವ್ಕೊಂಡು ಸೈಕಲ್ ಹತ್ತಿದ್ರು. ಮುಂದಿನ ವರ್ಷ ಊರ ಕಡೆ ವರ್ಗ ಮಾಡಿಸ್ಕೊಂಡು ಹೋದ್ರು. ಕೆಲಸ ಕೊಟ್ಟೋರು ಒಬ್ರು, ಅಕ್ಷರ ಕೊಟ್ಟೋರು ಒಬ್ರು. ಹದಿನೈದು ವರ್ಷ ನಾನು ಇವ್ರ ಎದುರಿಗೆ ಅವ್ರ ಹೆಸರೆತ್ತಲಿಲ್ಲ, ಅವ್ರ ಎದುರಿಗೆ ಇವ್ರ ಹೆಸರೆತ್ತಲಿಲ್ಲ.

ತೊಂಬತ್ತರ ದಶಕ ಮುಗೀತಾ ಬಂದಾಗ ಸಾಬ್ರು ಹಜ್‌ಗೆ ಹೊರಟ್ರು. ಹೋಗೋಕ್ಕೆ ಮುಂಚೆ ಗೊತ್ತಿರೋರ ಮನೆಗೆಲ್ಲ ಹೋಗಿ "ಕಹಾ ಸುನಾ ಮಾಫ್" ಅಂತ ಕೇಳ್ಕೊಳ್ಳೋ ಪದ್ಧತಿ ಅವ್ರದ್ದು. ಆಡಿದ್ದು, ಕೇಳಿದ್ದು, ಎಲ್ಲ ಕ್ಷಮಿಸಿ ಅಂತ. ನಮ್ಮನೆಗೂ ಬಂದ್ರು. ನಮ್ಮಮ್ಮ "ನಿಮ್ಮದೇನಪ್ಪ ತಪ್ಪು, ಅನ್ನ ಹಾಕ್ದೋರು" ಅಂತ ಕಣ್ಣು ಒರೆಸ್ಕೊಂಡ್ಳು. ಸಾಬ್ರು ಹೊರಡ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಮತ್ತೆ ಬಿಟ್ರು.

"ಮುನಿರಾಜ, ಆ ಪುಸ್ತಕ ಇದ್ಯಾ?"

ಯಾವ ಪುಸ್ತಕ ಅಂತ ನಾನು ಕೇಳ್ಲಿಲ್ಲ. "ಇದೆ" ಅಂದೆ.

"ಕೆಂಚಾರ್ಲಹಳ್ಳಿ ಒಂದು ಬಾಕಿ ಇದೆ. ಹೋಗಿ ಮಾಫಿ ಕೇಳ್ಬೇಕು. ಆದ್ರೆ ಏನಂತ ಕೇಳ್ಲಿ? ಅವ್ನು ನಿಜ ಹೇಳಿದ್ರೆ ನಾನು ಸುಳ್ಳುಗಾರ ಅಂದಿದ್ದು ಪಾಪ. ಅವ್ನೇ ಸುಳ್ಳು ಹೇಳಿದ್ರೆ, ನಾನು ತಪ್ಪಾಯ್ತು ಅಂತ ಬಾಯಲ್ಲಿ ಅಂದು, ಮನಸ್ಸಲ್ಲಿ ನಂದೇ ಸರಿ ಅಂದ್ಕೊಂಡು ಹಜ್‌ಗೆ ಹೋಗ್ಲಾ? ಅಂಥ ಮಾಫಿ ತಗೊಂಡು ಆ ಜಾಗಕ್ಕೆ ಹೋಗಲ್ಲ. ಶಾ ಇತ್ತಾ ಇರ್ಲಿಲ್ವಾ, ನಂಗೆ ಗೊತ್ತಾಗ್ಬೇಕು." ಹೊರಡಕ್ಕೆ ಹತ್ತು ದಿನ ಉಳಿದಿತ್ತು.

ಮೊದ್ಲು ಪಟದ ಮೇಲೇ ನೋಡಿದ್ವಿ. ತೊಂದ್ರೆ ನನ್ನ ಬರವಣಿಗೇದು. "ಮೇಷ್ಟ್ರ ಕುದುರೆ ಮಧ್ಯಕ್ಕೆ" ಅಂತ ಬರೆದಿದೀನಿ. ಯಾವ ಕುದುರೆ? ಎರಡೂ ಮಧ್ಯಕ್ಕೆ ಬರಬಹುದು. ಒಂದನ್ನ ನಡೆಸ್ಕೊಂಡು ಹೋದ್ರೆ ಎಂಟು ನಡೆ ಆದ್ಮೇಲೆ, ಹೊಡೀಬೇಕಾದ ಕಾಯಿನೇ ಆ ಮನೇಲಿ ಇರಲ್ಲ. ಆಗ ತಪ್ಪು ಅಂತ ಗೊತ್ತಾಗೋದು. ಮತ್ತೆ ಮೊದ್ಲಿಂದ ಜೋಡಿಸ್ಬೇಕು. ಇಂಥವು ನಾಲ್ಕು ಕಡೆ. ಮೂರು ದಿನ ಜೋಡಿಸಿದ್ವಿ, ಕೆಡಿಸಿದ್ವಿ. ಸಾಬ್ರು ಪಟದ ಮೇಲೆ ಕೈ ಇಟ್ಕೊಂಡು "ಹಿಂದಕ್ಕೆ ಹೋಗೋ ಆಟ ಯಾರಾದ್ರೂ ಮಾಡಿದ್ರೆ ಪುಣ್ಯ" ಅಂದ್ರು.

ಆಗ ನಂಗೆ ಗಿರಿಜ ಮೇಡಂ ನೆನಪಾದ್ರು. ನಮ್ಮ ಬೀದಿ ಕೊನೇಲಿ ಅವ್ರ ಟೈಪಿಂಗ್ ಇನ್‌ಸ್ಟಿಟ್ಯೂಟು. ಆ ವರ್ಷ ಎರಡು ಕಂಪ್ಯೂಟರ್ ತಂದು, ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ರು. ಹೊರಗೆ ಚಪ್ಪಲಿ ಬಿಟ್ಟು, ಕೈ ಕಾಲು ತೊಳ್ಕೊಂಡು ಒಳಗೆ ಹೋದೆ. ದೇವಸ್ಥಾನ ಅಲ್ಲ ಕಣಣ್ಣ ಅಂತ ನಕ್ರು. ಬೆಂಗಳೂರಿಂದ ತಂದ ಫ್ಲಾಪಿಗಳ ಡಬ್ಬ ತೆಗೆದ್ರು. ಅದ್ರಲ್ಲಿ ಚೆಸ್ಸಿನವೇ ನಾಲ್ಕು.

ಮೊದಲನೇದು ಹಾಕಿದ್ರು. ನಾನು ಮೇಷ್ಟ್ರ ಮೊದಲನೇ ನಡೆ ಇಟ್ಟೆ. ಪುಸ್ತಕ ನೋಡಿ ಸಾಬ್ರ ನಡೆ ಇಡೋಷ್ಟರಲ್ಲಿ ಕಂಪ್ಯೂಟರೇ ಟಕ್ಕಂತ ಒಂದು ಕಾಯಿ ನಡೆಸಿಬಿಡ್ತು. "ಅಯ್ಯೋ, ನಿನ್ನ ಕೇಳ್ದೋರ್ಯಾರು?" ಅಂದೆ. ಅಲ್ಲೆಲ್ಲೋ ಅದನ್ನ ಸುಮ್ನಿರಿಸೋ ಬಟನ್ ಇರುತ್ತೆ ಅಂತ ಮೇಡಂ ಹುಡುಕಿದ್ರು, ಸಿಗ್ಲಿಲ್ಲ. ಅಷ್ಟರಲ್ಲಿ ಅದು ಗೆದ್ದುಬಿಡ್ತು. ಬೇರೆಯೋರ ಜಗಳದ ಪಂಚಾಯ್ತಿಗೆ ಕರೆದ್ರೆ ತಾವೇ ತೋಳೇರಿಸ್ಕೊಂಡು ಜಗಳಕ್ಕಿಳಿಯೋರು ಇರ್ತಾರಲ್ಲ, ಆ ಜಾತಿ.

ಎರಡನೇದ್ರಲ್ಲಿ ಕಾಯಿಗಳಿಗೆಲ್ಲ ಕಿರೀಟ, ಕತ್ತಿ, ಗುರಾಣಿ. ಒಂದು ಕಾಲಾಳು ಹೊಡೆಯಕ್ಕೆ ಕುದುರೆ ಮೂರು ಸಲ ಕೆನೆದು, ಮುಂಗಾಲು ಎತ್ತಿ, ಧೂಳೆಬ್ಬಿಸೋದು. ಟೈಪಿಂಗ್ ಕಲಿಯಕ್ಕೆ ಬಂದಿದ್ದೋರೆಲ್ಲ ಮೆಷಿನ್ ನಿಲ್ಲಿಸಿ ನೋಡಕ್ಕೆ ನಿಂತ್ರು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಹಿಂದಕ್ಕೆ ಹೋಗಕ್ಕೆ ಬರ್ತಿರ್ಲಿಲ್ಲ. ಸತ್ತೋನು ಸತ್ತಂಗೇ.

ಮೂರನೇದು ನಿಜವಾಗ್ಲೂ ಓದ್ಕೊಂಡೋರು ಮಾಡಿದ್ದು. ಆಟ ಬರೆದಿಟ್ಕೊಳ್ಳುತ್ತೆ, ಮುಂದಕ್ಕೂ ಹಿಂದಕ್ಕೂ ಹೋಗುತ್ತೆ, ಬೇರೆ ದಾರಿ ಇದ್ರೆ ಕೊಂಬೆ ಥರ ಪಕ್ಕಕ್ಕೆ ಬಿಡುತ್ತೆ. ನನ್ನ ಎದೆ ಉಬ್ಬೋಯ್ತು. ನಮ್ಮಲ್ಲಿ ರಾಜನ ಎದುರಿಗೆ ಮಂತ್ರಿ ಕೂರೋದು, ಅದ್ರಲ್ಲಿ ರಾಜನ ಎದುರಿಗೆ ರಾಜ. ಅದನ್ನೂ ಮೇಡಂ ಹೆಂಗೋ ಬದಲಾಯಿಸಿ ಕೂರಿಸಿದ್ರು. ಪರದೆಯ ಎಡಗಡೆ ಒಂದು ಚೀಟಿ ಅಂಟಿಸಿ "ಒಲೆ" ಅಂತ ಬರೆದೆ, ಬಲಗಡೆ "ಬಾವಿ". ನಡೆ ಮೇಲೆ ನಡೆ ಹೋಯ್ತು. ಒಂಬತ್ತನೇ ನಡೆಗೆ ಮೇಷ್ಟ್ರು ತಮ್ಮ ರಾಜನ್ನ ಹಾರಿಸಿದ್ರು. ಅದ್ರ ಬಗ್ಗೆ ತಕರಾರಿಲ್ಲ, ಅವ್ರ ಹಕ್ಕು. ಆದ್ರೆ ಕಂಪ್ಯೂಟರ್ ಕುಯ್ಯಂತ ಸದ್ದು ಮಾಡಿ ರಾಜನ್ನ ವಾಪಸ್ ಇಟ್ಬಿಡ್ತು. ಮತ್ತೆ ಹಾರಿಸಿದೆ. ಮತ್ತೆ ಕುಯ್ಯ್.

"ಏನಂತೆ ಮೇಡಂ?"

"ಹಿಂಗೆಲ್ಲ ರಾಜ ಹೋಗಂಗಿಲ್ಲ ಅಂತಿದೆ ಅಣ್ಣ."

"ಹೋಗ್ಬಹುದು ಅಂತ ಹೇಳಿ ಅದಕ್ಕೆ. ನಮ್ಮ ಕಡೆ ಹೋಗ್ತಾನೆ."

"ನಾನು ಹೇಳಿದ್ರೆ ಕೇಳುತ್ತಾ ಅದು?" ಅಂದ್ರು ಮೇಡಂ. "ನಂಗೇ ಕಂಡಿಷನ್ ಹಾಕುತ್ತೆ."

ಒಂದು ಗಂಟೆ ಜಗಳ ಆಡಿದೆ. ಬುದ್ಧಿವಂತರ ಹತ್ರ ಇದೇ ಕಷ್ಟ. ನಡೆದಿದ್ದನ್ನ ನಡೆದಂಗೆ ಹೇಳಕ್ಕೆ ಬಿಡಲ್ಲ, ಹಂಗೆ ನಡೆಯಕ್ಕೇ ಆಗಲ್ಲ ಅಂತಾರೆ.

ನಾಲ್ಕನೇ ಫ್ಲಾಪಿನ ಮೇಡಂ ಹಾಕಕ್ಕೇ ಹಿಂದೆಮುಂದೆ ನೋಡಿದ್ರು. "ಇದು ಬೇಡ ಅಣ್ಣ, ಯಾರೋ ಕಲಿಯೋ ಹುಡುಗರು ಮಾಡಿದ್ದು. ಇದಕ್ಕೆ ಚೆಸ್ಸೇ ಬರಲ್ಲ. ಆನೆನ ಓರೆಗೆ ಓಡಿಸಿದ್ರೂ ಸುಮ್ನೆ ಓಡ್ಸುತ್ತೆ."

"ನಂಗೂ ಅಷ್ಟಾಗಿ ಬರಲ್ಲ ಮೇಡಂ. ಚೆನ್ನಾಗಿ ಬರೋರಿಬ್ರು ಮಾತು ಬಿಟ್ಟು ಹದಿನೈದು ವರ್ಷ ಆಯ್ತು. ಹಾಕಿ."

ಹಾಕಿದ್ರು. ಕಪ್ಪು ಬಿಳುಪು ಮನೆ, ಸಣ್ಣ ಸಣ್ಣ ಕಾಯಿ. ಕೆಳಗೆ ಎರಡು ಬಾಣದ ಗುರುತು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಸದ್ದಿಲ್ಲ, ಸಲಹೆ ಇಲ್ಲ. ಕಾಯಿ ಎಲ್ಲಿಟ್ರೆ ಅಲ್ಲಿ ಕೂರುತ್ತೆ, ಯಾವುದಾದ್ಮೇಲೆ ಯಾವುದು ಅಂತ ಮಾತ್ರ ನೆನಪಿಟ್ಕೊಳ್ಳುತ್ತೆ. ಒಂಬತ್ತನೇ ನಡೆಗೆ ಮೇಷ್ಟ್ರ ರಾಜ ಹಾರಿದ. ಕಂಪ್ಯೂಟರ್ ಸುಮ್ನಿತ್ತು. "ಇದೇ ಮೇಡಂ, ಇದೇ ಬೇಕಾಗಿದ್ದು" ಅಂತ ಮೇಜು ತಟ್ಟಿದೆ. ಅವತ್ತಿಂದ ಇವತ್ತಿನವರೆಗೂ ಆ ಮಾತು ಬದಲಾಯಿಸಿಲ್ಲ. ನೋಡಿ ಕಲಿಯಕ್ಕೆ ಬೇಕಾಗಿರೋದು ಸಹಾಯ ಮಾಡೋ ಪ್ರೋಗ್ರಾಮ್ ಅಲ್ಲ, ಅಡ್ಡ ಬರದೆ ಇರೋ ಪ್ರೋಗ್ರಾಮು.

ಮಾರನೇ ದಿನ ಸಾಬ್ರನ್ನ ಕರ್ಕೊಂಡು ಹೋದೆ. ಟೋಪಿ ಸರಿ ಮಾಡ್ಕೊಂಡು ಪರದೆ ಮುಂದೆ ಕೂತ್ರು. ಕುದುರೆ ತಪ್ಪಾದ ಜಾಗದಲ್ಲಿ ಹಿಂದಕ್ಕೆ ಹೋದ್ವಿ, ಇನ್ನೊಂದು ಕುದುರೆ ನಡೆಸಿದ್ವಿ. ಟಕ್ ಟಕ್ ಅಂತ ನಾಲ್ಕು ಗಂಟೂ ಬಿಚ್ಕೊಂಡ್ವು. ಕಾಯಿ ಹಿಂದಕ್ಕೆ ಹೋಗೋದು ನೋಡಿ ಸಾಬ್ರು ಮೊದ್ಲು ಮಕ್ಕಳ ಥರ ನಕ್ರು. ಆಮೇಲೆ ನಗು ನಿಲ್ತು.

"ನಿಲ್ಸು."

ಹದಿನಾಲ್ಕನೇ ನಡೆ. ಮೇಷ್ಟ್ರು ಒಂದು ಕಾಲಾಳು ಮುಂದಕ್ಕೆ ಇಟ್ಟಿದ್ರು. ಅಷ್ಟೇ. ಆ ಕಾಲಾಳು ಜಾಗ ಬಿಟ್ಟಿದ್ದಕ್ಕೆ ಅದ್ರ ಹಿಂದೆ ದೂರದಲ್ಲಿ ಮೂಲೇಲಿ ಕೂತಿದ್ದ ಒಂಟೆಗೆ ದಾರಿ ತೆರ್ಕೊಂಡಿತ್ತು. ಸಾಬ್ರು ಗಾಜಿನ ಮೇಲೆ ಬೆರಳಿಟ್ಟು ಓರೆಯಾಗಿ ಎಳ್ಕೊಂಡು ಹೋದ್ರು. ಬೆರಳು ಸೀದಾ ಹೋಗಿ ಅವ್ರ ರಾಜನ ಮೇಲೆ ನಿಲ್ತು.

ಶಾ ಬಿದ್ದಿತ್ತು. ಮುಂದಿನ ನಡೆ ಒತ್ತಿದೆ. ಸಾಬ್ರು ಬೇರೆಲ್ಲೋ ಕುದುರೆ ನಡೆಸಿದಾರೆ. ಮೇಷ್ಟ್ರು ಇನ್ನೆಲ್ಲೋ ಆನೆ ನಡೆಸಿದಾರೆ. ಅದಾದ್ಮೇಲೆ ಸಾಬ್ರದೇ ಒಂದು ಕಾಲಾಳು ಹೋಗಿ ಅಡ್ಡ ನಿಂತಿದೆ, ಅದೂ ಗೊತ್ತಿಲ್ದೇನೇ. ಅಲ್ಲೀವರೆಗೂ ರಾಜ ಒಂಟೆ ಎದುರಿಗೇ ಕೂತಿದಾನೆ, ಆಡ್ತಿದ್ದ ಸಾಬ್ರಾಗ್ಲಿ, ಬರೀತಿದ್ದ ನಾನಾಗ್ಲಿ ನೋಡಿಲ್ಲ.

ನಾನು ಸಮಾಧಾನಕ್ಕೆ ಅಂದೆ, "ಬಾಯಲ್ಲಿ ಹೇಳದೆ ಇದ್ರೆ ಅದು ಶಾ ಹೆಂಗಾಗುತ್ತೆ ಸಾಬ್ರೆ? ಅವ್ರು ಹೇಳಿದ್ರು ಅನ್ನೋದಕ್ಕೆ ಇಲ್ಲಿ ಏನಿದೆ?"

"ಬೇಟಾ, ಅವ್ನು ಹೇಳಿದ್ದ" ಅಂದ್ರು ಸಾಬ್ರು. "ಇಷ್ಟು ದೊಡ್ಡ ಶಾ, ನೋಡದೆ ಇರ್ತಾನಾ? ಹೇಳೇ ಇರ್ತಾನೆ. ನಂಗೆ ಕೇಳಿಸ್ಲಿಲ್ಲ. ನಾನು ಮಕ್ಕಳಿಗೆ ಪಾಠ ಹೇಳೋ ಮನುಷ್ಯನ್ನ, ಕೆಲಸದೋರೆಲ್ಲರ ಎದುರಿಗೆ ಸುಳ್ಳುಗಾರ ಅಂದೆ."

ಆ ಹದಿನಾಲ್ಕನೇ ನಡೆನ ಮೇಡಂ ಕಾಗದದ ಮೇಲೆ ಪ್ರಿಂಟ್ ಹಾಕ್ಕೊಟ್ರು. ಆ ಪ್ರಿಂಟರ್ ಸದ್ದು ಹೊಲಿಗೆ ಮೆಷಿನ್ ಥರ. ಸಾಬ್ರು ಕಾಗದ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಕೊಂಡ್ರು.

ಮಾರನೇ ದಿನ ಬೆಳಗ್ಗೆ ಬಸ್ ಹತ್ತಿದ್ವಿ. ಚಿಂತಾಮಣೀಲಿ ಇಳಿದು ಇನ್ನೊಂದು ಬಸ್ಸು. "ಹೋಗ್ತೀವಿ, ಹೇಳ್ತೀವಿ, ಅದೇ ಬಸ್ಸಿಗೆ ವಾಪಸ್" ಅಂತ ಸಾಬ್ರು ಮೂರು ಸಲ ಹೇಳಿದ್ರು. ಬಾಗಿಲು ಮುಚ್ಚಿಬಿಟ್ರೆ ಅನ್ನೋ ಭಯ. ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ, ಆದ್ರೆ ದಾರಿ ಉದ್ದಕ್ಕೂ ಜೇಬು ಮುಟ್ಕೊಂಡೇ ಇದ್ರು.

ಮೇಷ್ಟ್ರು ರಿಟೈರಾಗಿ ಹಿಪ್ಪುನೇರಳೆ ತೋಟ ನೋಡ್ಕೊಂಡಿದ್ರು. ಜಗಲಿ ಮೇಲೆ ಪೇಪರ್ ಓದ್ತಿದ್ದೋರು ನಮ್ಮನ್ನ ನೋಡಿ ಎದ್ದು ನಿಂತ್ರು. ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಸಾಬ್ರು ಕಾಗದ ಬಿಚ್ಚಿ ಅವ್ರ ಕೈಗೆ ಕೊಟ್ರು.

"ಶಾ ಇತ್ತು ಮೇಷ್ಟ್ರೆ. ನಾನು ನೋಡ್ಲಿಲ್ಲ. ನಿಮ್ಮನ್ನ ಸುಳ್ಳುಗಾರ ಅಂದೆ. ಹಜ್‌ಗೆ ಹೊರಟಿದೀನಿ. ಮಾಫಿ ಮಾಡ್ಬೇಕು."

ಮೇಷ್ಟ್ರು ಕನ್ನಡಕ ಹಾಕ್ಕೊಂಡು ಕಾಗದ ನೋಡಿದ್ರು. ತಿರುಗಿಸಿ ನೋಡಿದ್ರು. ಅವ್ರ ಬೆರಳೂ ಒಂಟೆಯಿಂದ ಓರೆಯಾಗಿ ರಾಜನವರೆಗೆ ಹೋಯ್ತು.

"ಇದು... ಹಿಂಗಿತ್ತಾ?" ಅಂದ್ರು.

"ಹಿಂಗೇ ಇತ್ತು ಸಾರ್" ಅಂದೆ ನಾನು. "ನಾನೇ ಬರೆದಿದ್ದು."

ಮೇಷ್ಟ್ರು ಜಗಲಿ ಮೇಲೆ ಕೂತ್ಕೊಂಡ್ರು. "ಖಾಸಿಂ, ನಾನು ಶಾ ಅಂದಿರ್ಲಿಲ್ಲ ಕಣಯ್ಯಾ. ನಾನೂ ಇದನ್ನ ನೋಡಿರ್ಲಿಲ್ಲ. ನೀನು ಹಾರಿದ ತಕ್ಷಣ ಆಟ ಹೋಯ್ತು ಅಂತ ಗೊತ್ತಾಯ್ತು. ಪಕ್ಕದಲ್ಲಿ ಇವ್ನು ಕೂತು ಬರೀತಿದಾನೆ. ನಾನೇ ಅಕ್ಷರ ಕಲ್ಸಿದೋನು, ನಾನು ಸೋತಿದ್ದನ್ನ ನನ್ನ ಅಕ್ಷರದಲ್ಲೇ ಬರೀತಾನಲ್ಲ ಅನ್ನಿಸ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಸುಳ್ಳು ಹೇಳ್ದೆ. ಅದು ನಿಜ ಆಗಿತ್ತು ಅಂತ ಇವತ್ತು ಗೊತ್ತಾಗ್ತಿದೆ."

ನಾನು ಅಂಗಳದ ಕೋಳಿ ನೋಡ್ತಾ ನಿಂತೆ. ಸಾಬ್ರ ಮೀಸೆ ಮೊದ್ಲು ಅಲ್ಲಾಡ್ತು, ಆಮೇಲೆ ಭುಜ, ಆಮೇಲೆ ಹೊಟ್ಟೆ. ಅಳ್ತಿದಾರೆ ಅಂದ್ಕೊಂಡೆ. ನಗ್ತಿದ್ರು. ಮೇಷ್ಟ್ರೂ ಶುರು ಮಾಡಿದ್ರು. ಇಬ್ರು ಮುದುಕರು ಪಕ್ಕದ ಮನೆಯೋರು ಇಣುಕಿ ನೋಡೋವಷ್ಟು ನಕ್ರು.

"ಈಗ ಯಾರು ಯಾರನ್ನ ಮಾಫಿ ಕೇಳೋದು?" ಅಂದ್ರು ಮೇಷ್ಟ್ರು ಕಣ್ಣು ಒರೆಸ್ಕೊಂಡು.

"ಹೋಗ್ತಿರೋನು ನಾನು. ನಾನೇ ಕೇಳ್ಬೇಕು. ಕಹಾ ಸುನಾ ಮಾಫ್."

ಮೇಷ್ಟ್ರು ಒಳಗೆ ಹೋಗಿ ಮೊಮ್ಮಕ್ಕಳ ಪ್ಲಾಸ್ಟಿಕ್ ಕಾಯಿಗಳ ಡಬ್ಬ, ರಟ್ಟಿನ ಪಟ ತಂದ್ರು. ಕಾಗದ ಪಕ್ಕದಲ್ಲಿ ಇಟ್ಕೊಂಡು ಒಂದೊಂದೇ ಕಾಯಿ ಜೋಡಿಸಿದ್ರು. ಹದಿನಾಲ್ಕನೇ ನಡೆ ಆದಾಗ ಹೆಂಗಿತ್ತೋ ಹಂಗೆ.

"ಮಾಫಿ ಆಮೇಲೆ ನೋಡಣ" ಅಂದ್ರು. "ಮೊದ್ಲು ನಿನ್ ರಾಜನ್ನ ಆ ಒಂಟೆ ಎದುರಿಂದ ಎತ್ತು. ಹಾರಂಗಿಲ್ಲ ಮತ್ತೆ."

ಸಾಬ್ರು ಜಗಲಿ ಹತ್ತಿ ಕಾಲು ಮಡಚಿ ಕೂತ್ರು. ಗಲ್ಲಕ್ಕೆ ಕೈ ಕೊಟ್ರು. ದೂರದಲ್ಲಿ ನಮ್ಮ ಬಸ್ಸಿನ ಹಾರನ್ ಕೇಳಿಸ್ತು, ವಾಪಸ್ ಹೋಗೋದು. ನಾನು ಕೆಮ್ಮಿದೆ. ಅವ್ರು ನೋಡ್ಲಿಲ್ಲ.

ಮೇಷ್ಟ್ರ ಹೆಂಡ್ತಿ ಬಾಗಿಲಿಗೆ ಬಂದು, ಸೆರಗಲ್ಲಿ ಕೈ ಒರೆಸ್ಕೊಳ್ತಾ, "ಊಟಕ್ಕೆ ಇರ್ತೀರಾ, ಇಲ್ಲ ಹೊರಡ್ತೀರಾ?" ಅಂತ ಕೇಳಿದ್ರು.

"ಇರ್ತೀವಮ್ಮ" ಅಂದ್ರು ಸಾಬ್ರು, ರಾಜನ ಮೇಲಿಂದ ಕಣ್ಣು ತೆಗೀದೆ.